ಮೀಠಾಸರದಾಗ ಮಗ್ಗದ ಸಪ್ಪಳ

ರಬಕವಿಯ ಪರಮಾನಂದಗ ಹಿಂದಿ ಬರ್ತಿತ್ತು. ಬರ್ತಿತ್ತು ಅಂತ ಅಂವಾ ಹೇಳ್ತಿದ್ದ, ಓಣಿ ಮಂದಿ ನಂಬಿದ್ರು. ಅಂವಾ ಹಿಂದಿ ಆಡ್ತಿದ್ದದ್ದು ತನ್ನ ಆರು ಪಾವರ್‌ಲೂಮಿನ ಗದ್ದಲದಾಗ. ಆ ಗದ್ದಲದಾಗ ಚೀನಾದವರ ಭಾಷಾ ಆಡಿದ್ರೂ ಕೇಳಿದವ್ರು ಹೂಂ ಅಂತಿದ್ರು. ಇಪ್ಪತ್ತು ವರ್ಷದ ಹಿಂದ ಹಳೇ ಮಗ್ಗ ತರಾಕ ಇಚಲಕರಂಜಿಗೆ ಹೋಗಿ, ಒಬ್ಬ ಬಿಹಾರಿ ಮೇಸ್ತ್ರಿ ಜೋಡಿ ಹನ್ನೊಂದು ದಿನಾ ಇದ್ದು ಹಿಂದಿ ಕಲ್ತು ಬಂದಿದ್ದ. ಮೇಸ್ತ್ರಿ ಮಾತು ಕಡಿಮಿ ಇದ್ದ ಮನಷ್ಯಾ ಅನ್ನೋದನ್ನ ಮಾತ್ರ ಯಾರಿಗೂ ಹೇಳಿದ್ದಿಲ್ಲ.

ಹಂಗ ನೋಡಿದ್ರ ಮಗ್ಗದ ಮನ್ಯಾಗ ಬಾಯಿಗೆ ಕೆಲಸಾನ ಇಲ್ಲರಿ. ಅಲ್ಲಿ ಮಾತೆಲ್ಲಾ ಕೈಯಿಂದ. ಎರಡು ಬಟ್ಟು ಕತ್ತರಿಗತೆ ಆಡಿಸಿದ್ರ ಎಳಿ ಕಡದೈತಿ ಅಂತ ಅರ್ಥ. ಹೆಬ್ಬೆಟ್ಟು ಬಾಯಿಗೆ ಹಿಡದ್ರ ಚಾ. ಯಾರರೆ ಸತ್ತ ಸುದ್ದೀನೂ ಹಿಂಗ: ಬಟ್ಟು ಮ್ಯಾಲ ತೋರ್ಸಿ, ಕತ್ತರಿ ಆಡ್ಸೋದು. ಮ್ಯಾಲ ಹೋದ್ರು, ಎಳಿ ಕಡೀತು. ಅಷ್ಟಾತಂದ್ರ ಓಣ್ಯಾಗಿನ ಮಗ್ಗೆಲ್ಲಾ ಬಂದ್. ಹೆಣಾ ಎತ್ತೂತನಾ ಒಂದ ಒಂದು ಲಾಳಿ ಆಡಂಗಿಲ್ಲ.

ಇಂಥಾ ಪರಮಾನಂದನ ಹೆಂಡ್ತಿ ದಾನಮ್ಮ ಒಂದು ವರ್ಷದಿಂದ ಗಂಡನ ಜೋಡಿ ಮಾತು ಬಿಟ್ಟಿದ್ಲು. ಪೂರ್ತಿ ಬಿಟ್ಟಿದ್ಲು ಅಂದ್ರ ಸುಳ್ಳು. ‘ಊಟಕ್ಕ ಏಳ್ರಿ’ ಅಂತಿದ್ಲು, ‘ಜಳಕಕ್ಕ ನೀರು ಕಾದಾವು’ ಅಂತಿದ್ಲು. ಅಂವಾ ಏನರೆ ಕೇಳಿದ್ರ ಮಾತ್ರ ಉತ್ತರಿಲ್ಲ. ಹಿಂದ ನಿಂತು ಕರದ್ರ ಹೊಳ್ಳಿ ಸೈತ ನೋಡ್ತಿದ್ದಿಲ್ಲ. ಯಾಕ ಅನ್ನೋದು ಪರಮಾನಂದಗ ಚಲೋ ಗೊತ್ತಿತ್ತು. ಆಕಿ ಹುನ್ನೂರಿಗೆ ತವರುಮನಿಗೆ ಹೋದಾಗ, ಆಕಿ ತವರಿಂದ ತಂದಿದ್ದ ಕೈಮಗ್ಗ ಕಿತ್ತಿ ಆ ಜಾಗಾದಾಗ ಆರನೇ ಪಾವರ್‌ಲೂಮ್ ಕೂಡ್ರಿಸಿದ್ದ. ಕಟಗಿ ಎಲ್ಲಿ ಅಂತ ಕೇಳಿದ್ದಕ್ಕ ಗೆದ್ದಲ ತಿಂದಿತ್ತು ಅಂತ ಹೇಳಿದ್ದ. ಖರೇ ಅಂದ್ರ ಕಟಗಿ ಬಚ್ಚಲ ಒಲಿಗೆ ಹೋಗಿತ್ತು.

ಮುಧೋಳದ ಸಾಲ್ಯಾಗ ಟೀಚರ್ ಇರೋ ಮಗಳು ಸಂಧ್ಯಾ ಒಂದಿನ ಬಂದು, ಅವ್ವನ ಮಾರಿ ನೋಡಿ, ಅಪ್ಪನ್ನ ಕೋಲಿಯೊಳಗ ಕರ್ಕೊಂಡು ಹೋದ್ಲು. “ಅಪ್ಪಾ, ಅವ್ವನ್ನ ಗದ್ದಲ ಇಲ್ಲದ ಕಡೆ ಕರ್ಕೊಂಡು ಹೋಗು. ಇಬ್ರೂ ಕುಂತು ಮಾತಾಡ್ರಿ. ಈ ಮನ್ಯಾಗ ದೇವ್ರು ಬಂದ್ರೂ ಮಾತಾಡಾಕ ಆಗಂಗಿಲ್ಲ.” ತಾನ ಮೊಬೈಲ್‌ನ್ಯಾಗ ಹುಡುಕಿ ರೂಮೂ ಬುಕ್ ಮಾಡಿದ್ಲು. ರಾಜಸ್ಥಾನದ ಮರುಭೂಮಿ ನಡುವ ಮೀಠಾಸರ ಅಂತ ಒಂದು ಸಣ್ಣ ಊರು. ಒಂದು ಕೆರಿ, ಸುತ್ತಲೂ ಖರ್ಜೂರದ ಗಿಡಾ, ಏಳು ರೂಮಿನ ಲಾಜು, ಶಾಂತ ವಾತಾವರಣ.

“ಹಿಂದಿ ಊರಲ್ಲಾ? ಹಂಗಾರ ಚಿಂತಿಲ್ಲ,” ಅಂದ ಪರಮಾನಂದ. ಈ ಪ್ರವಾಸದಾಗ ಹೆಂಗರೆ ಮಾಡಿ ಕೈಮಗ್ಗದ ವಿಷಯ ಹೇಳಿ, ತಪ್ಪಾತು ಅಂದು, ಆಕಿ ಬಾಯಿಂದ ನಾಕು ಮಾತು ಹೊಂಡಸ್ಬೇಕು ಅಂತ ಠರಾವು ಮಾಡ್ಕೊಂಡ. ಶಾಂತ ವಾತಾವರಣ ಅಂದ್ರ ಎಂಥಾದ್ದಿರ್ತೈತಿ ಅಂತ ಮಾತ್ರ ಅವಂಗ ಗೊತ್ತಿದ್ದಿಲ್ಲ. ಗೊತ್ತಿದ್ರ ಹೋಗ್ತಿದ್ದಿಲ್ಲ.

ಎರಡು ರೈಲು, ಮೂರು ಬಸ್ಸು, ಕಡೀಕ ಒಂದು ಜೀಪು. ಜೀಪಿನವ ಇವರನ್ನ ಉಸುಕಿನ್ಯಾಗ ಇಳಿಸಿ, ಹಿಂದ ನೋಡದ ಹೋಗಿಬಿಟ್ಟ. ಲಾಜಿನ ಮುಂದ ಖರ್ಜೂರದ ಗಿಡದ ಬುಡಕ ಹೊರಸಿನ ಮ್ಯಾಲ ಒಬ್ಬ ಎತ್ತರದ ಮನಷ್ಯಾ ಕುಂತಿದ್ದ. ಬಿಳೀ ಪಟಗಾ, ಕಿವಿತನಾ ಮೀಸಿ, ಕೈಯಾಗ ಜಪದ ಸರ. ಮಾಲಕ ಭೋಮಾರಾಮ ಅಂದ್ರ ಇವ್ನ.

“ನಮಸ್ತೇ ಜೀ! ಹಮ್ ರಬಕವಿ ಸೇ ಆಯಾ! ರೂಮ್ ಕಿದರ್ ಹೈ ಜೀ!” ಅಂತ ಪರಮಾನಂದ ತನ್ನ ಮಗ್ಗದ ಮನಿ ದನಿಯಾಗ ಕೇಳಿದ. ಕೆರ್‍ಯಾಗಿನ ಹಕ್ಕಿ ಅಷ್ಟೂ ಒಮ್ಮೆಲೆ ಹಾರಿ ಹೋದ್ವು. ಭೋಮಾರಾಮ ಎರಡೂ ಕೈ ಜೋಡಿಸಿದ, ಆಮ್ಯಾಲ ಬಾಯಿ ಮ್ಯಾಲ ಬಟ್ಟಿಟ್ಟು ತಲಿ ಅಲ್ಲಾಡಿಸಿದ. ಒಂದ ಮಾತು ಆಡಲಿಲ್ಲ. ಗ್ವಾಡಿ ಮ್ಯಾಲ ಬರದಿದ್ದ ಒಂದು ಫಲಕ ತೋರ್ಸಿದ. ಪರಮಾನಂದ ಅದನ್ನ ಬಾಳೊತ್ತು ನೋಡಿ, “ಅಚ್ಛಾ ಅಚ್ಛಾ” ಅಂದು, ಹೆಂಡ್ತಿ ಕಡೆ ಹೊಳ್ಳಿ, “ಪಾಪ, ಮೂಕ ಅದಾನ. ಇಲ್ಲಿ ದೊಡ್ಡ ದನೀಲೆ ಮಾತಾಡಬಾರ್ದಂತ,” ಅಂತ ಪಿಸುಗುಟ್ಟಿದ. ಹುಟ್ಟಿದಾಗಿಂದ ಅಂವಾ ಪಿಸುಗುಟ್ಟಿದ್ದು ಅದ ಮದಲು. ದಾನಮ್ಮ ಭೋಮಾರಾಮನ ಕೈಸನ್ನಿ ನೋಡ್ಕೋತ ನಿಂತಿದ್ಲು.

ಅವತ್ತು ರಾತ್ರಿ ಅವಂಗ ನಿದ್ದಿ ಹತ್ತಲಿಲ್ಲ, ಅದನ್ನ ಬಿಡ್ರಿ. ಕಥಿ ನಡದದ್ದು ಮರದಿನ ಮಟಮಟ ಮಧ್ಯಾಹ್ನ.

ಆ ಊರಿನ ಮಧ್ಯಾಹ್ನ ಅಂದ್ರ ಹೆಂಗಿತ್ತಂತೀರಿ! ಹನ್ನೆರಡಕ್ಕ ಊರ ಬಾಗಲೆಲ್ಲಾ ಮುಚ್ಚಿದ್ವು. ಓಣ್ಯಾಗ ಒಂದು ಹುಳಾ ಇಲ್ಲ. ಒಂದು ನಾಯಿ ನೆಳ್ಳಾಗ ಬಿದ್ದಿತ್ತು, ಅದು ಉಸಿರಾಡ್ತೈತೋ ಇಲ್ಲೋ ಗೊತ್ತಾಗ್ತಿದ್ದಿಲ್ಲ. ಕೆರಿ ನೀರು ಅಲ್ಲಾಡ್ತಿದ್ದಿಲ್ಲ, ಖರ್ಜೂರದ ಗರಿ ಅಲ್ಲಾಡ್ತಿದ್ದಿಲ್ಲ. ಪರಮಾನಂದ ಪಡಸಾಲ್ಯಾಗ ಒಬ್ಬನ ನಿಂತಿದ್ದ. ಆವಾಗ ಕೇಳಿತು.

ಖಟ್‌ಖಟಾ ಖಟ್‌ಖಟಾ ಖಟ್‌ಖಟಾ.

ಮಗ್ಗ! ದೂರ ಎಲ್ಲೋ, ಆದ್ರ ಖರೇನ ಮಗ್ಗ. ಅಂವಾ ಮದಲ ಖುಷಿ ಆದ. ನಮ್ಮಂದಿ ಯಾರೋ ಅದಾರ ಅಂತ ಸಪ್ಪಳ ಹುಡಿಕ್ಕೋತ ಹೊಂಟ. ಮೂರನೇ ರೂಮಿನ ಮುಂದ ಎಷ್ಟು ಕೇಳಿತೋ ಐದನೇದರ ಮುಂದೂ ಅಷ್ಟ. ಏಳನೇ ರೂಮಿಗೆ ಕೀಲಿ ಹಾಕಿತ್ತು. ಅದಕ್ಕ ಕಿವಿ ಹಚ್ಚಿದ. ಕಿವಿ ಮುಚ್ಚಿದ ಕೂಡ್ಲೆ ಸಪ್ಪಳ ಜೋರಾತು.

“ಇದರಾಗ ಐತಿ!” ಅಂತ ಭೋಮಾರಾಮನ್ನ ಕರ್ಕೊಂಡು ಬಂದ. “ಭಾಯಿಜೀ, ಅಂದರ್ ಕೌನ್ ಹೈ? ಮಗ್ಗ ಹೈ ಕ್ಯಾ, ಮಗ್ಗ?” ಭೋಮಾರಾಮ ಮೀಸಿ ತೀಡಿದ, ಒಳಗ ಹೋದ, ಒಂದು ಜಳಕದ ಪ್ಲಾಸ್ಟಿಕ್ ಮಗ್ಗಾ ತಂದು ಕೈಯಾಗ ಕೊಟ್ಟ. ಪರಮಾನಂದ ಮಗ್ಗಾ ಹಿಡ್ಕೊಂಡು, ಇನ್ನೊಂದು ಕೈಯಿಂದ ಬಾಗಲ ತೋರ್ಸಿದ. ಕಡೀಕ ಬಾಗಲ ತಗದ್ರು.

ಒಳಗ ಮಂಚಿಲ್ಲ, ಹಾಸಿಗಿಲ್ಲ. ರೂಮಿನ ನಟ್ಟನಡುವ ಒಂದು ಖುರ್ಚಿ, ಗ್ವಾಡಿ ಕಡೆ ಮಾರಿ ಮಾಡಿ ಇಟ್ಟಿದ್ದು. ಅಷ್ಟ. ಮತ್ತ ಆ ಸಪ್ಪಳ, ಖುರ್ಚಿಯಿಂದ ಬಂದಂಗ, ಗ್ವಾಡಿಯಿಂದ ಬಂದಂಗ, ಅವನ ಬೆನ್ನ ಹಿಂದಿಂದ ಬಂದಂಗ. ಭೋಮಾರಾಮಗ ಏನೂ ಕೇಳಿಸಿದಂಗ ಕಾಣಲಿಲ್ಲ. ಪರಮಾನಂದ ಹೊರಗ ಓಡಿದ. ಕೆರಿ ದಂಡಿಗೆ ಹೋದ್ರ ಅಲ್ಲೂ ಖಟ್‌ಖಟಾ. ಉಸುಕಿನ್ಯಾಗ ನೂರು ಹೆಜ್ಜಿ ನಡದ್ರ ಅಲ್ಲೂ ಖಟ್‌ಖಟಾ. ಅದು ಅವನ ಜೋಡೀನ ಹೊಂಟಿತ್ತು.

ಆವಾಗ ಅವಂಗ ಬೋರವ್ವಜ್ಜಿ ನೆನಪಾದ್ಲು. ಅವನ ಅಜ್ಜಿ ಸಾಯೋ ಮುಂಚೆ ಮೂರು ದಿನಾ, “ಹಿತ್ತಲದಾಗ ಯಾರೋ ಮಗ್ಗ ನೇಯಾಕತ್ತಾರಲ್ಲೋ, ನನ್ನ ಕರ್‍ಯಾಕತ್ತಾರ,” ಅಂತಿದ್ಲು. ಹಿತ್ತಲದಾಗ ಆಗ ಎಮ್ಮಿ ಬಿಟ್ರ ಏನೂ ಇದ್ದಿಲ್ಲ. ಮೂರನೇ ದಿನ ಹೋಗಿಬಿಟ್ಲು.

ಮೈಯಾಗಿನ ನೀರೆಲ್ಲಾ ಬೆವರಾಗಿ ಹರಿಯಾಕತ್ತಿತು. ಪರಮಾನಂದ ರೂಮಿಗೆ ಬಂದು ಮಂಚದ ಮ್ಯಾಲ ಕುಸದು ಕುಂತ. ಇಂವಂಗೇನೋ ಆಗೇತಿ ಅಂತ ಭೋಮಾರಾಮ ಬಾಗಲಕ್ಕ ಬಂದ. ಬಂದವ ಬಾಳ ಕಳಕಳಿಯಿಂದ, ಸಾವಕಾಶ ಕೈಸನ್ನಿ ಮಾಡಿದ. ಬಟ್ಟು ಮ್ಯಾಲ ತೋರ್ಸಿದ. ಎರಡು ಬಟ್ಟು ಕತ್ತರಿಗತೆ ಆಡಿಸಿದ. ನಾಕು ಬಟ್ಟು ಎತ್ತಿದ. ಗಲ್ಲಕ್ಕ ಅಂಗೈ ಹಚ್ಚಿ ಕಣ್ಣು ಮುಚ್ಚಿದ. ಆಮ್ಯಾಲ ಹೊರಗಿನ ಖರ್ಜೂರದ ಗಿಡದ ಬುಡಾ ತೋರ್ಸಿದ.

ಹಿಂದಿ ಆಗಿದ್ರ ಪರಮಾನಂದಗ ತಿಳೀತಿದ್ದಿಲ್ಲ, ಬದುಕ್ತಿದ್ದ. ಇದು ಅವನ ಮಗ್ಗದ ಮನಿ ಭಾಷಾ. ಅಕ್ಷರಕ್ಷರ ತಿಳೀತು. ಮ್ಯಾಲ ಹೋಗ್ತಿ. ಎಳಿ ಕಡೀತೈತಿ. ನಾಕಕ್ಕ. ಕಣ್ಣು ಮುಚ್ಚತಿ. ಅಲ್ಲಿ ಗಿಡದ ಬುಡಕ ಹೂಳ್ತೀವಿ.

“ನಾಕಕ್ಕ?” ಅಂತ ಪರಮಾನಂದ ನಾಕು ಬಟ್ಟು ಎತ್ತಿದ. ಭೋಮಾರಾಮ ನಕ್ಕೋತ ತಲಿ ಆಡಿಸಿದ. ಅದ ಹೊತ್ತಿಗೆ ಸರಿಯಾಗಿ ತಲಿ ಮ್ಯಾಲಿನ ಫ್ಯಾನು ನಿಧಾನ ಆಗಿ, ಇನ್ನೊಂದು ಸುತ್ತು ತಿರುಗಿ, ನಿಂತುಬಿಟ್ಟಿತು. ಗಡಿಯಾರದಾಗ ಒಂದು ಗಂಟೆ.

ಉಳದದ್ದು ಮೂರು ತಾಸು. ಮೀಠಾಸರದಾಗ ಫೋನು ಹತ್ತೋದು ಕೆರಿ ದಂಡಿಗಿರೋ ಒಂದು ಬಂಡಿಗಲ್ಲಿನ ಮ್ಯಾಲ ನಿಂತ್ರ ಮಾತ್ರ. ಪರಮಾನಂದ ಅದನ್ನೇರಿ ತಮ್ಮ ಗೂಳಪ್ಪಗ ಫೋನ್ ಹಚ್ಚಿದ. ಗೂಳಪ್ಪ ಆರೂ ಮಗ್ಗದ ನಡುವ ನಿಂತಿದ್ದ.

“ಗೂಳಪ್ಪಾ, ನಾ ಇವತ್ತ ನಾಕಕ್ಕ ಹೋಗ್ತೀನಲೇ!”

“ಏನಣ್ಣಾ? ಕೇಳವಲ್ದು! ಎಲ್ಲಿಗೆ?”

“ಮ್ಯಾಲ!”

“ಮಾಳಗಿಗೇನು?”

“ಮಾಳಗಿಗಲ್ಲೋ ಮಬ್ಬಾ! ನಂದು ಎಳಿ ಕಡೀತೈತಿ!”

“ಎಷ್ಟನೇ ಮಗ್ಗದ್ದು?”

“ಅಯ್ಯೋ ನಿನ್ನ! ಬೋರವ್ವಜ್ಜಿ ಕೇಳಿದ್ದ ಮಗ್ಗ ನನಗ ಕೇಳಾಕತ್ತೇತಿ! ದಾನಮ್ಮನ್ನ ನೋಡ್ಕೋ!”

ಅಷ್ಟಕ್ಕ ಫೋನ್ ಕಟ್ಟಾತು. ಮುಂದ ರಬಕವಿಯೊಳಗ ನಡದದ್ದು ಆಮ್ಯಾಲ ತಿಳದದ್ದು. ಬೋರವ್ವಜ್ಜಿ ಹೆಸರು ಕೇಳಿದ್ದ ತಡ, ಗೂಳಪ್ಪಗ ಎಲ್ಲಾ ತಿಳೀತು. ಅಳಕೋತ ಬಾಗಲಕ್ಕ ಬಂದು, ಎದುರು ಮಗ್ಗದ ಮನಿ ಕಡೆ ಅಣ್ಣನ ಹೆಸರಿನ ಸನ್ನಿ ಮಾಡಿ, ಬಟ್ಟು ಮ್ಯಾಲ ತೋರ್ಸಿ, ಕತ್ತರಿ ಆಡಿಸಿ, ನಾಕು ಬಟ್ಟು ಎತ್ತಿದ. ಎದುರು ಮನ್ಯಾಂವ ಬಾಜೂ ಮನಿಗೆ ಮುಟ್ಟಿಸಿದ, ಅಂವಾ ಮುಂದಿನ ಮನಿಗೆ. ಆ ನಾಕು ಬಟ್ಟು ಮೂರನೇ ಮನ್ಯಾಗ ಎಲ್ಲೋ ಉದುರಿ ಬಿತ್ತು. ನಾಕನೇ ಮನಿಗೆ ಹೋದದ್ದು ಬರೇ ಮ್ಯಾಲ ಹೋದ, ಎಳಿ ಕಡೀತು. ಆ ಸುದ್ದಿ ಹೊಳ್ಳಿ ಗೂಳಪ್ಪನ ಹಂತೇಕ ಬರೂದ್ರಾಗ ಅವಂಗೂ ಹಂಗ ಅನಿಸಿತ್ತು. ಎರಡು ಹೊಡಿಯೂದ್ರಾಗ ಓಣಿಯ ಮಗ್ಗೆಲ್ಲಾ ನಿಂತ್ವು.

ಇತ್ತ ಪರಮಾನಂದಗ ತನ್ನ ಸಾವಿಗಿಂತ ದಾನಮ್ಮನ ಚಿಂತಿ ದೊಡ್ಡದಾಗಿತ್ತು. ಮಾತಾಡದ ಹೋದ್ರ, ಸತ್ತ ಮ್ಯಾಲೂ ಆಕಿ ಸಿಟ್ಟು ಇಳಿಯಂಗಿಲ್ಲ. ಆಕಿ ಕೆರಿ ಪಾವಟಿಗಿ ಮ್ಯಾಲ, ನೀರಿನ ಕಡೆ ಮಾರಿ ಮಾಡಿ ಕುಂತಿದ್ಲು. ಎದುರು ಹೋಗಾಕ ಧೈರ್ಯ ಸಾಲಲಿಲ್ಲ. ಹಿಂದ ಎರಡು ಪಾವಟಿಗಿ ಮ್ಯಾಲ ಕುಂತು, ಮೆಲ್ಲಕ ಸುರು ಮಾಡಿದ.

“ದಾನವ್ವಾ, ನಿನ್ನ ಕೈಮಗ್ಗಕ್ಕ ಗೆದ್ದಲ ಹತ್ತಿದ್ದಿಲ್ಲ. ನಾನ ಒಡದು ಒಲಿಗೆ ಹಾಕೀನಿ. ತಪ್ಪಾತು.”

ಆಕಿ ಅಲ್ಲಾಡಲಿಲ್ಲ.

“ನಿಮ್ಮಪ್ಪ ಕೊಟ್ಟದ್ದು ಅಂತ ಗೊತ್ತಿದ್ದೂ ಹಾಕೀನಿ. ಸಾಯೋ ಮುಂದ ಸುಳ್ಳು ಹೇಳಬಾರ್ದು, ಹೇಳೀನಿ. ಒಂದು ಮಾತರೆ ಬೈ. ಬೈಯೋದಾದ್ರೂ ಬೈ ಬೇ.”

ಆಕಿ ಬೈಯಲೂ ಇಲ್ಲ. ಬೆನ್ನು ಹಂಗ ಇತ್ತು, ಸೆರಗು ಹಂಗ ಇತ್ತು. ಪರಮಾನಂದನ ಎದಿ ಒಡದು ಹೋತು. ಇಷ್ಟು ಕಲ್ಲೆದಿ ಹೆಂಗಸು ಇವಳು ಅಂತ ಅವಂಗ ಗೊತ್ತಿದ್ದಿಲ್ಲ. ಕಣ್ಣು ಒರಸ್ಕೊಂಡು ಎದ್ದು ಹೋಗಿ ರೂಮಿನ್ಯಾಗ ಬಿದ್ಕೊಂಡ. ಖಟ್‌ಖಟಾ ನಡದ ಇತ್ತು.

ಮೂರು ಮುಕ್ಕಾಲಕ್ಕ ಮನಸ್ಸು ತಡೀಲಿಲ್ಲ. ಕಡೀಸಲ ಮನಿಯವರ ದನಿ ಕೇಳಬೇಕಂತ ಮತ್ತ ಬಂಡಿಗಲ್ಲು ಏರಿದ. ಏರಿದ ಕೂಡ್ಲೆ ಮೊಬೈಲು ಟಿಣ್ ಟಿಣ್ ಅಂತ ಒದರಾಕ ಸುರು ಮಾಡಿತು. ಓಣಿಯ ವಾಟ್ಸಾಪ್ ಗ್ರೂಪು. ತಗದು ನೋಡ್ತಾನ, ಅವನದ ಫೋಟೋ! ಸುತ್ತ ಹೂವಿನ ಹಾರ, ಎರಡು ಕಡೆ ದೀಪ, ಕೆಳಗ ‘ಭಾವಪೂರ್ಣ ಶ್ರದ್ಧಾಂಜಲಿ. ಹಿಂದಿ ಬಲ್ಲ ಹಿರಿಯರು ಇನ್ನಿಲ್ಲ.’ ನಲವತ್ತೆರಡು ಮಂದಿ ಕೈ ಮುಗದಿದ್ರು. ಬನಹಟ್ಟಿಯ ಬೀಗರು ಸೈತ ಮುಗದಿದ್ರು.

ಇನ್ನೂ ಕಾಲು ತಾಸು ಐತಲ್ಲಾ ಅಂತ ಗಡಿಯಾರ ನೋಡ್ಕೊಂಡು, ಗೂಳಪ್ಪಗ ಫೋನ್ ಹಚ್ಚಿದ. ಆ ಕಡೆ ಎತ್ತಿದ್ರು. ಎತ್ತಿದವರ ಹಿಂದ ಏನೂ ಸಪ್ಪಳಿಲ್ಲ. ಐವತ್ತೈದು ವರ್ಷದಾಗ, ಯಾರರೆ ಸತ್ತಾಗ ಬಿಟ್ರ, ತನ್ನ ಮನಿ ಇಷ್ಟು ಸುಮ್ಮಕಿದ್ದದ್ದನ್ನ ಅಂವಾ ಕೇಳಿದ್ದಿಲ್ಲ.

“ಮಗ್ಗ ಯಾಕ ನಿಂತಾವು? ಯಾರ್ ಹೋದ್ರು?” ಅಂತ ಪಿಸುಗುಟ್ಟಿದ.

“ನಮ್ಮ ಪರಮಣ್ಣ ಹೋದ್ನರೀ,” ಅಂತ ಗೂಳಪ್ಪ ಬಿಕ್ಕಿದ. “ನೀವ್ಯಾರು ಮಾತಾಡೋದು?”

“ನಾನೋ, ಪರಮಾನಂದ.”

ಧಡ್ ಅಂತ ಏನೋ ಬಿತ್ತು. ಅದು ಗೂಳಪ್ಪ. ಒಂದೀಟು ಹೊತ್ತಾದ ಮ್ಯಾಲ ಹೆಣ್ಣದನಿ ಬಂತು.

“ಪರಮಣ್ಣಾ, ನಾ ಬಾಜೂ ಮನಿ ಮುತ್ತವ್ವ. ನೋಡಪಾ, ಹೋದವ್ರು ಹೋಗಿಬಿಡಬೇಕು. ಹಿಂಗ ಮ್ಯಾಲಿಂದ ಫೋನ್ ಮಾಡಿದ್ರ ಉಳದವ್ರು ಹೆಂಗ ಬಾಳೇವು ಮಾಡಬೇಕು?”

“ಮುತ್ತಕ್ಕಾ, ನಾ ಸತ್ತಿಲ್ಲಬೇ!”

“ಮದಲ ಮದಲ ಎಲ್ಲಾರೂ ಹಂಗ ಅಂತಾರ. ಸತ್ತವ್ರಿಗೆ ಗೊತ್ತಾಗೋದು ತಡಾ. ನಮ್ಮ ಮಾವಗ ಮೂರು ದಿನಾ ಹಿಡೀತು. ನಿನಗ ಏನರೆ ಆಸೆ ಉಳದಿದ್ರ ಹೇಳು, ದಿನಕಾರ್ಯಕ್ಕ ಮಾಡಿ ಬಡಸ್ತೀವಿ. ಹೋಳಿಗಿ ಆಗ್ತೈತೋ, ಮಾದಲಿ ಆಗ್ತೈತೋ?”

“ಮಾದಲಿ,” ಅಂದುಬಿಟ್ಟ ಪರಮಾನಂದ, ಬಾಯಿ ತಪ್ಪಿ. ಫೋನ್ ಕಟ್ಟಾತು.

ಬಂಡಿಗಲ್ಲಿನಿಂದ ಇಳದವಗ ಹೊಸಾ ಸಂಶೆ ಹೊಕ್ಕಿತು. ಮುತ್ತವ್ವ ಹೇಳೋದು ಖರೇ ಇದ್ರ? ಗಡಿಯಾರ ನಂಬಾಕ ಬರ್ತೈತೇನು? ನಾಯಿ ಮುಂದ ಹಾದು ಹೋದ. ನಾಯಿ ಕಿವಿ ಸೈತ ಎತ್ತಲಿಲ್ಲ. ಭೋಮಾರಾಮನ ಮುಂದ ಹೋಗಿ ನಿಂತ. ಅಂವಾ ಕಣ್ಣು ಮುಚ್ಚಿ ಜಪದ ಮಣಿ ಎಣಸ್ತಿದ್ದ, ತಗೀಲಿಲ್ಲ. ಪಡಸಾಲ್ಯಾಗಿನ ಕನ್ನಡಿಯೊಳಗ ಇಣುಕಿದ. ಅದರ ರಸಾ ಹೋಗಿತ್ತು, ಗ್ವಾಡಿ ಬಿಟ್ರ ಏನೂ ಕಾಣಲಿಲ್ಲ. ಓಡಿ ಕೆರಿಗೆ ಬಂದ. ದಾನಮ್ಮ ಅಲ್ಲೇ ಕುಂತಿದ್ಲು.

“ದಾನವ್ವಾ,” ಅಂದ. ಹೊಳ್ಳಲಿಲ್ಲ. “ದಾನವ್ವಾ!” ಅಂದ. ಹೊಳ್ಳಲಿಲ್ಲ. “ದಾನವ್ವಾ, ನಾ ಇಲ್ಲೇ ಅದೀನಬೇ!” ಅಂತ ಕೂಗಿದ, ಆ ಕೂಗು ನೀರಿನ ಮ್ಯಾಲ ಹೋಗಿ ಹೊಳ್ಳಿ ಬಂತು. ಆಕಿ ಹೊಳ್ಳಲಿಲ್ಲ.

ಆತು. ಮುಗೀತು. ಪರಮಾನಂದ ಅಲ್ಲೇ ಕುಸದ. ಅವನ ನೆಳ್ಳು ಪಾವಟಿಗಿ ಮ್ಯಾಲ ಜಾರಿ ಆಕಿ ಮುಂದಿನ ನೀರಿನ ಮ್ಯಾಲ ಬಿತ್ತು. ಅದನ್ನ ನೋಡಿ ದಾನಮ್ಮ ಹೊಳ್ಳಿದ್ಲು.

“ಅಯ್ಯ, ಹಿಂಗ್ಯಾಕ ಬೆವತೀರಿ? ಚಾ ಕುಡದ್ರೇನು?”

“ನಾ ನಿನಗ ಕಾಣ್ತೀನೇನು?” ಅಂದ ಪರಮಾನಂದ. ಆಕಿ ಅವನ ತುಟಿ ನೋಡಿದ್ಲು, ಹುಬ್ಬು ಗಂಟು ಹಾಕಿದ್ಲು. “ಏನಂದ್ರಿ?” ಅಂದ್ಲು. ಅಂವಾ ರೂಢಿಬಲದಿಂದ ಕೈ ಎತ್ತಿದ. ತನ್ನ ಎದಿ ಮುಟ್ಟಿದ, ಬಟ್ಟು ಮ್ಯಾಲ ತೋರ್ಸಿದ, ಕತ್ತರಿ ಆಡಿಸಿದ, ನಾಕು ಬಟ್ಟು ಎತ್ತಿದ, ಭೋಮಾರಾಮನ್ನ ತೋರ್ಸಿದ.

ದಾನಮ್ಮ ಮದಲು ನೋಡಿದ್ಲು, ಆಮ್ಯಾಲ ನಕ್ಕಳು. ವರ್ಷದ ಮ್ಯಾಲ ನಕ್ಕದ್ದು.

“ಅಂವಾ ಹೇಳಿದ್ದು ಕರೆಂಟಿನ ಮಾತುರಿ, ನನಗೂ ಹೇಳ್ಯಾನ! ಮ್ಯಾಲ ಫ್ಯಾನು. ಕರೆಂಟ್ ಕಟ್ ಆಗ್ತೈತಿ, ನಾಕಕ್ಕ ಬರ್ತೈತಿ, ಅಲ್ಲಿತನಾ ಗಿಡದ ಬುಡಕ ಹೊರಸಿನ ಮ್ಯಾಲ ಮಲಗ್ರಿ, ಅಲ್ಲಿ ತಂಪು ಅಂತ. ಅಂವಾ ಮೂಕ ಅಲ್ಲ, ಹುಣ್ಣಿಮಿತನಾ ಮೌನ ಹಿಡದಾನ, ಏಳನೇ ರೂಮಿನ ಖುರ್ಚಿ ಅವನ ಜಪಕ್ಕ. ನಾವಿಬ್ರೂ ನಿನ್ನೆಯಿಂದ ಎಷ್ಟ್ ಮಾತಾಡೀವಿ! ಅವಂಗ ಮೂರು ಹೆಣ್ಣಮಕ್ಕಳು, ನಡುವಿನಾಕಿದು ಲಗ್ನ ಗೊತ್ತಾಗೇತಿ.”

ಅಷ್ಟ್ರಾಗ ಲಾಜಿನ ದೀಪಾ ಹತ್ತಿದ್ವು, ಫ್ಯಾನು ತಿರಗಿದ್ವು. ನಾಕಾಗಿತ್ತು. ಪರಮಾನಂದ ಸತ್ತಿದ್ದಿಲ್ಲ. ಆದ್ರ ಖಟ್‌ಖಟಾ ನಿಂತಿದ್ದಿಲ್ಲ. ಹಂಗಾರ ಇದೇನು ಅಂತ, ಲಾಳಿ ಆಡಿದಂಗ ಕೈ ಆಡಿಸಿ, ಕಿವಿ ತೋರ್ಸಿ ಕೇಳಿದ.

ದಾನಮ್ಮನ ನಗಿ ನಿಂತಿತು.

“ನಿಮಗೂ ಕೇಳ್ತೈತೇನು?” ಅಂದ್ಲು. “ನನಗ ವರ್ಷಾತು. ಈಗ ಅದೊಂದ ಕೇಳೋದು ನನಗ.”

ಆಕಿ ನೀರು ನೋಡ್ಕೋತ ಹೇಳಿದ್ಲು. “ಮನ್ಯಾಗ ನಿಮ್ಮ ಬಾಯಿ ಆಡೋದು ಕಾಣ್ತಿತ್ತು. ಮಗ್ಗದ ಸಪ್ಪಳದಾಗ ಮಾತು ಮುಳುಗತಾವು ಅಂದ್ಕೊಂಡಿದ್ನಿ. ಇಲ್ಲಿ ಬಂದ ಮ್ಯಾಲ ಗೊತ್ತಾತು. ಇಲ್ಲಿ ಮಗ್ಗಿಲ್ಲ, ಸಪ್ಪಳ ಐತಿ, ಮಾತಿಲ್ಲ. ಹಕ್ಕಿ ಬಾಯಿ ತಗೀತಾವು, ಏನೂ ಬರವಲ್ದು. ನಿಮಗ ಹೆಂಗ ಹೇಳ್ಲಿ ಅಂತ ನಿನ್ನೆಯಿಂದ ಇಲ್ಲೇ ಕುಂತೀನಿ. ಅಂಜಿಕಿ ಆಗೇತಿ ನನಗ.”

ಹಿಂದಿ ಬಲ್ಲ ಹಿರಿಯಗ ಆಕಿನ್ನ ಕಲ್ಲೆದಿ ಅಂದ್ಕೊಂಡಿದ್ದಕ್ಕ ತನ್ನ ಕಪಾಳಕ್ಕ ತಾನ ಹೊಡ್ಕೋಬೇಕು ಅನಿಸಿತು. ಎದ್ದು ಬಂದು, ಆಕಿ ಕೆಳಗಿನ ಪಾವಟಿಗಿ ಮ್ಯಾಲ, ಆಕಿಗೆ ಮಾರಿ ಕಾಣೂಹಂಗ, ನೀರಿನ್ಯಾಗ ಕಾಲು ಬಿಟ್ಟು ಕುಂತ. ಕೈ ಎತ್ತಿ ಮದಲಿಂದ ಸುರು ಮಾಡಿದ. ಕೈಮಗ್ಗದ ಹಗ್ಗ ಜಗ್ಗಿದ ಸನ್ನಿ, ಕಾಲಲೆ ತುಳದ ಸನ್ನಿ, ಒಡದ ಸನ್ನಿ, ಒಲಿಗೆ ಹಾಕಿದ ಸನ್ನಿ. ಎರಡೂ ಕಿವಿ ಹಿಡ್ಕೊಂಡ.

“ಅದು ಗೊತ್ತೈತಿ ಬಿಡ್ರಿ,” ಅಂದ್ಲು ದಾನಮ್ಮ. “ಒಲ್ಯಾಗ ಅರ್ಧಾ ಸುಟ್ಟ ಹಲಗಿ ನಾನ ಹೊರಗ ತಗದೀನಿ. ಆ ನೀರಾಗ ನಾನೂ ಜಳಕಾ ಮಾಡೀನಿ. ಆವಾಗ ಸಿಟ್ಟಿತ್ತು, ಎಂಟು ದಿನಾ. ಆಮ್ಯಾಲ ಮಗ್ಗ ನಿಂತಾಗೂ ನಿಮ್ಮ ಮಾತು ಕೇಳದಕ್ಕ, ನೀವ ಮಾತು ಬಿಟ್ಟೀರಿ ಅಂತ ತಿಳದಿದ್ನಿ.”

ಪರಮಾನಂದ ಕಣ್ಣು ಒರಸ್ಕೊಳಾಕತ್ತಿದ್ದ, ಅಷ್ಟ್ರಾಗ ಬಂಡಿಗಲ್ಲಿನ ಮ್ಯಾಲ ಮರತು ಬಿಟ್ಟು ಬಂದಿದ್ದ ಮೊಬೈಲು ಒದರಿತು. ಹೋಗಿ ಎತ್ತಿದ. ಗೂಳಪ್ಪನ ದನಿ ಸಣ್ಣಕಾಗಿತ್ತು.

“ಅಣ್ಣಾ, ಸಂಧ್ಯಾ ಬಂದಾಳ, ಬಾಯಿಗೆ ಬಂದಂಗ ಬೈಯಾಕತ್ತಾಳ. ಖರೇನ ಜೀವಂತ ಇದ್ದೀಯೇನು? ಹಂಗಾರ ಮಗ್ಗ ಹಚ್ಚಲೇನು?”

ಪರಮಾನಂದ ಕೆರಿ ಕಡೆ ನೋಡಿದ. ದಾನಮ್ಮ ಪಾವಟಿಗಿ ಮ್ಯಾಲಿಂದ ಯಾರದು ಅಂತ ಕೈ ಮಾಡಿ ಕೇಳಾಕತ್ತಿದ್ಲು.

“ಹಚ್ಚಬ್ಯಾಡ,” ಅಂದ. “ನಾ ಬರೂತನಾ ಸತ್ತೀನಿ ಅಂತ ತಿಳಕೋ.”

ಫೋನು ಬಂದ್ ಮಾಡಿ, ಹೆಂಡ್ತಿ ಎದುರಿಗೆ ಹೋಗಿ ಕುಂತ.